ನೋ ಅಂದ್ರ ಹೂಂ, ಯೆಸ್ ಅಂದ್ರ ಇಲ್ಲ

ನಮ್ಮ ಎದುರು ಮನಿ ವೈನಿ ಮುಂದಿನ ತಿಂಗಳ ಮಗಳ ಬಾಣಂತನಕ್ಕ ಇಂಗ್ಲಂಡಿಗೆ ಹೊಂಟಾರ. ಒಂದು ವಾರದಿಂದ ಅವರ ಮನ್ಯಾಗ ಬಾಣಂತಿ ಖಾರ ಕುಟ್ಟೂ ಸಪ್ಪಳ, ಓಣಿ ತುಂಬ ಅದರ ಘಾಟು. ಮೊನ್ನೆ ಸಂಜಿಮುಂದ ಬಂದು ನಮ್ಮ ಕಟ್ಟಿ ಮ್ಯಾಲೆ ಕೂತು, "ನೀವು ಹೋಗಿ ಬಂದೀರಲ್ಲಾ, ಏನೇನು ಒಯ್ಯಬೇಕು ಒಂದು ಚೀಟಿ ಮಾಡಿ ಕೊಡ್ರಿ" ಅಂದ್ರು. ಚೀಟಿ ಏನೋ ಬರದು ಕೊಟ್ಟೆ. ಅಜವಾನ, ಶುಂಠಿ, ಮೆತ್ತಗ ಆದ ಹಳೇ ಧೋತರದ ಅರಿವಿ, ಉಲನ್ ಕಾಲಚೀಲ. ಅಂಟು ಹಸೀದ ಒಯ್ರಿ, ತುಪ್ಪದಾಗ ಕರಿಯೂದು ಅಲ್ಲೆ ಹೋಗಿ ಮಾಡ್ರಿ ಅಂತನೂ ಬರದೆ, ಯಾಕಂದ್ರ ನಮ್ಮ ಕಡೆಯಿಂದ ಹಾಲು-ತುಪ್ಪದ್ದು ಒಯ್ಯಲಿಕ್ಕೆ ಆ ದೇಶದವರು ಬಿಡೂದಿಲ್ಲ. ಕೆಳಗ ಇನ್ನೊಂದು ಮಾತು ಸೇರಿಸಬೇಕಂತ ಪೆನ್ನು ಹಿಡಿದೆ. ಅದು ಚೀಟ್ಯಾಗ ಹಿಡಿಯೂವಂಥಾದ್ದು ಅಲ್ಲ. ಅದಕ್ಕ ಇಲ್ಲೆ ಬರೀಲಿಕತ್ತೇನಿ. ವೈನಿ, ಇದು ನಿಮಗ. ಉಳಿದವರೂ ಓದ್ರಿ, ಯಾರ ಮಗಳು ಯಾವಾಗ ಯಾವ ದೇಶಕ್ಕ ಹೋಗಿ ಹಡೀತಾಳ ಹೇಳಲಿಕ್ಕೆ ಬರೂದಿಲ್ಲ.

ನಂದು ಇಂಗ್ಲೀಷು ಅಷ್ಟೇನು ಕೆಟ್ಟದ್ದಲ್ಲ. ಐದನೇತ್ತಾದಾಗ ಎಬಿಸಿಡಿ ಸುರು ಮಾಡಿದ ಕನ್ನಡ ಸಾಲಿ ಹುಡುಗಿ ನಾ, ಖರೇ. ಆದ್ರ ಮುಂದ ಬಿ.ಎ. ಮಾಡೇನಿ, ಪೇಪರ್ ಓದತೇನಿ, ಬ್ಯಾಂಕಿನ ಫಾರ್ಮು ನಾನ ತುಂಬತೇನಿ. ಹತ್ತನೇತ್ತಾದಾಗ ಡಿಗ್ರೀಸ್ ಆಫ್ ಕಂಪ್ಯಾರಿಸನ್ ಅಂತ ಒಂದು ಪ್ರಶ್ನಿ ಬರತಿತ್ತು, ನೆನಪದ ಏನು? "ಐರನ್ ಈಸ್ ದ ಮೋಸ್ಟ್ ಯೂಸ್‌ಫುಲ್ ಮೆಟಲ್" ಅಂತ ಕೊಟ್ಟಿರತಿದ್ರು, ನಾವು ಅದನ್ನ "ನೋ ಅದರ್ ಮೆಟಲ್ ಈಸ್ ಆ್ಯಸ್ ಯೂಸ್‌ಫುಲ್ ಆ್ಯಸ್ ಐರನ್" ಅಂತ ತಿರುವಿ ಬರೀಬೇಕು. ಅದರಾಗ ನಂಗ ಒಂದು ಮಾರ್ಕೂ ಹೋಗಿದ್ದಿಲ್ಲ. ಮುಂದ ಒಂದು ನೋ ಹಾಕು, ಮೋಸ್ಟ್ ತಗಿ, ಆ ಕಡೆ ಈ ಕಡೆ ಆ್ಯಸ್ ಇಡು, ಮುಗೀತು. ನಮ್ಮ ಮಾಸ್ತರು ಅದನ್ನ ಲೆಕ್ಕದ ಗತೆ ಕಲಿಸಿದ್ರು, ನಾವು ಲೆಕ್ಕದ ಗತೆ ಕಲತ್ವಿ. ಅದರ ಅರ್ಥ ಏನು ಅಂತ ಯಾರು ವಿಚಾರ ಮಾಡಿದ್ರು? ಇಲ್ಲ ಅನ್ನೂದು ಒಂದು ಶಬ್ದ, ಹೆಚ್ಚು-ಕಡಿಮಿ ಅನ್ನೂದು ಒಂದು ಶಬ್ದ, ಎರಡೂ ಕೂಡಿದ್ರ ಮಾತು ಪೂರಾ ಮಗ್ಗಲು ಬದಲಸತದ ಅನ್ನೂದು ನಂಗ ತಿಳದದ್ದು ಐವತ್ತೆಂಟನೇ ವರ್ಷಕ್ಕ.

ಮಗಳಿರೂದು ಲಂಡನ್ನಿನಿಂದ ಪಶ್ಚಿಮಕ್ಕ ರೆಡಿಂಗ್ ಅನ್ನೂ ಊರಾಗ. ಬರಿಯೂದು ರೀಡಿಂಗ್ ಅಂತ, ಅನ್ನೂದು ರೆಡಿಂಗ್ ಅಂತ. ಊರ ಹೆಸರ ಹಿಂಗಿದ್ದ ಮ್ಯಾಲೆ ಮಂದಿ ಮಾತು ಹೆಂಗಿರತದ ಅಂತ ನಾ ಅವತ್ತ ತಿಳಕೋಬೇಕಾಗಿತ್ತು. ನಾ ಹೋದದ್ದು ಜನವರ್ಯಾಗ. ಸಂಜಿ ನಾಕೂವರಿಗೆಲ್ಲಾ ಕತ್ತಲಿ. ಮುಂಜಾನೆ ಎದ್ದು ಬಾಗಲಾ ತಗದ್ರ ರಂಗೋಲಿ ಹಾಕಬೇಕಾದ ಜಾಗಾದಾಗ ಮಂಜಿನ ಹುಡಿ.

ಮೊದಲನೇ ಪೆಟ್ಟು ಸಣ್ಣದು. ಮಗಳು ಕೂಸಿನ ಕರಕೊಂಡು ದವಾಖಾನಿಯಿಂದ ಮನಿಗೆ ಬಂದ ಮರುದಿನ ಬಾಜೂ ಮನಿ ಅಜ್ಜಿ ಒಂದು ಕಾರ್ಡು, ಒಂದು ಸಣ್ಣ ಉಲನ್ ಟೊಪ್ಪಿಗಿ ಹಿಡಕೊಂಡು ಬಂದ್ಲು. ಬಾಗಲದಾಗ ನಿಂತು "ಡು ಯು ಮೈಂಡ್ ಇಫ್ ಐ ಹ್ಯಾವ್ ಎ ಲಿಟಲ್ ಪೀಕ್?" ಅಂದ್ಲು. ಕೂಸಿನ ನೋಡ್ಲೇನು ಅಂತ ಕೇಳಲಿಕತ್ತಾಳ ಅಂತ ತಿಳೀತು. ಮನಿಗೆ ಬಂದ ಹಿರೇ ಮನಷ್ಯಾಳು, ಬ್ಯಾಡ ಅನ್ನಲಿಕ್ಕೆ ಆಗತದೇನು? ನಾ ಇಷ್ಟಗಲ ನಕ್ಕು "ಯೆಸ್, ಯೆಸ್!" ಅಂದೆ. ಪಾಪ, ಅಕಿ ಮಾರಿ ಇಳದು ಹೋತು. ಟೊಪ್ಪಿಗಿ ನನ್ನ ಕೈಯಾಗ ಕೊಟ್ಟು "ಆಫ್ ಕೋರ್ಸ್, ಆಫ್ ಕೋರ್ಸ್" ಅನಕೋತ ಹಿಂದ ಸರದ್ಲು. ಮಗಳು ಒಳಗಿನಿಂದ ಓಡಿ ಬಂದು ಕರದು ಕೂಡಿಸಿದ್ಲು. ಡು ಯು ಮೈಂಡ್ ಅಂದ್ರ "ನಿಮಗ ಬ್ಯಾಸರ ಆಗತದೇನು" ಅಂತ. ಅದಕ್ಕ ಯೆಸ್ ಅಂದ್ರ "ಹೂಂ, ಆಗತದ, ನಡೀರಿ" ಅಂದಂಗ. ನೋ ಅನ್ನಬೇಕಿತ್ತಂತ, ನೋ ಅಂದ್ರ ಬರ್ರಿ ಅಂತ ಅರ್ಥ. ಆಮ್ಯಾಲೆ ನಾ ಮಾಡಿದ ಅವಲಕ್ಕಿ ತಿಂದು ಅಜ್ಜಿ "ನಾಟ್ ಬ್ಯಾಡ್ ಅಟ್ ಆಲ್" ಅಂದ್ಲು. ಕೆಟ್ಟೇನಿಲ್ಲ ಅಂದ್ರ ಸುಮಾರು ಅಂತ ನಾ ಸುಮ್ಮನಾದೆ. ಅಕಿ ಎರಡನೇ ಸಲ ಬಟ್ಟಲು ಮುಂದ ಹಿಡದಾಗ ಗೊತ್ತಾತು, ಆ ಮಂದ್ಯಾಗ ನಾಟ್ ಬ್ಯಾಡ್ ಅಂದ್ರ ಭಾಳ ಚೊಲೋ ಅಂತ.

ಇದು ನಗೂ ಮಾತಾತು. ಇನ್ನ ಹೇಳೂದು ನಗೂ ಮಾತಲ್ಲ.

ಅಲ್ಲೆ ಕೂಸು ಹುಟ್ಟಿದ ಮ್ಯಾಲೆ ಭಾಳ ದಿನಾ ದವಾಖಾನ್ಯಾಗ ಇಟಗೊಳ್ಳೂದಿಲ್ಲ. ಎಲ್ಲಾ ಸುಸೂತ್ರ ಇದ್ರ ಒಂದೆರಡು ದಿನದಾಗ ಮನಿಗೆ ಕಳಸತಾರ, ಆಮ್ಯಾಲೆ ಮಿಡ್‌ವೈಫ್ ಅಂತ ಸೂಲಗಿತ್ತಿ ನರ್ಸಬಾಯಿ ಮನಿಗೇ ಬಂದು ನೋಡತಾಳ, ಫೋನ್ ಮಾಡಿ ಕೇಳತಾಳ. ಐದನೇ ದಿನಕ್ಕ ಕೂಸಿನ ಹಿಮ್ಮಡಕ್ಕ ಚುಚ್ಚಿ ನಾಕು ಹನಿ ರಕ್ತ ತಗೋತಾರ, ತೂಕಾ ಮಾಡತಾರ. ಎಲ್ಲಾನೂ ಒಂದು ಕೆಂಪು ಪುಸ್ತಕದಾಗ ಬರದಿಡತಾರ. ವೈನಿ, ಆ ಕೆಂಪು ಪುಸ್ತಕ ಮಾತ್ರ ಕಳಕೋಬ್ಯಾಡ್ರಿ.

ನಮ್ಮ ಕೂಸಿನ ಮಾರಿ ಮೂರನೇ ದಿನಕ್ಕ ಹಳದಿ ಕಾಣಲಿಕತ್ತಿತ್ತು. ಬಂದಿದ್ದ ಮಿಡ್‌ವೈಫ್ ನೋಡಿ, ಹುಟ್ಟಿದ ಕೂಸುಗಳಿಗೆ ಮೊದಲನೇ ವಾರದಾಗ ಕಾಮಣಿ ಬರೂದು ಹೊಸಾದೇನಲ್ಲ, ಬಹಳಷ್ಟು ಸಲ ತಾನ ಇಳೀತದ ಅಂದ್ಲು. ಆದ್ರ ಕೂಸು ಹಾಲು ಚೊಲೋತ್ನಂಗ ಕುಡೀಬೇಕು, ದಿನಕ್ಕ ಎಂಟು ಸಲಕ್ಕಿಂತ ಕಡಿಮಿ ಆಗಬಾರದು, ಒದ್ದಿ ನ್ಯಾಪಿ ಎಷ್ಟು ಆದ್ವು ಎಣಿಸ್ರಿ, ಕುಡೀಲಾರದ ಬರೇ ಮಲಗಲಿಕತ್ತಿದ್ರ ಹೇಳ್ರಿ ಅಂತ ಮಗಳಿಗೆ ಬಿಡಿಸಿ ಬಿಡಿಸಿ ಹೇಳಿ ಹೋದ್ಲು. ಹಾಲು ಒಳಗ ಹೋದಷ್ಟು ಆ ಹಳದಿ ಹೊರಗ ಹೋಗತದ, ಅದರ ಲೆಕ್ಕ ಅಷ್ಟ.

ನಾಕನೇ ದಿನ ಮಧ್ಯಾಹ್ನ. ಮಗಳು ಎರಡು ರಾತ್ರಿ ಕಣ್ಣು ಮುಚ್ಚಿದ್ದಿಲ್ಲ, ಬಲವಂತಲೆ ಮಲಗಿಸಿದ್ದೆ. ಅಳಿಯಂದ್ರು ಔಷಧ ತರಲಿಕ್ಕೆ ಹೋಗಿದ್ರು. ಕೂಸು ನನ್ನ ತೊಡಿ ಮ್ಯಾಲೆ. ಮುಂಜಾನೆ ಆರಕ್ಕ ಒಂದಿಷ್ಟು ಕುಡದದ್ದು, ಆಮ್ಯಾಲೆ ಎಬ್ಬಿಸಿದ್ರೂ ಏಳವಲ್ದು. ಅಂಗಾಲು ತಿಕ್ಕಿದೆ, ಒದ್ದಿ ಅರಿವಿಲೆ ಮಾರಿ ಒರಸಿದೆ, ಬಾಯಿ ಚಪ್ಪರಿಸಿ ಮತ್ತ ಮಲಕ್ಕೊಂತು. ಎದ್ದ ಕೂಡಲೆ ಮಗಳಿಗೆ ಹೇಳಬೇಕಂತ ಕೂತಿದ್ದೆ. ಅಷ್ಟರಾಗ ಮಗಳ ಫೋನು ಬಾರಿಸ್ತು. ಎತ್ತಿದೆ. ಮಿಡ್‌ವೈಫ್.

ನಾ ಅಜ್ಜಿ ಅಂತ ಹೇಳಿದೆ. ಅಕಿ ಭಾಳ ಪ್ರೀತಿಲೆ ಮಾತಾಡಿಸಿದ್ಲು. ಆಮ್ಯಾಲೆ ಕೇಳಿದ್ಲು, "ಹೀ ಹ್ಯಾಸಂಟ್ ಫೆಡ್ ಸಿನ್ಸ್ ದ ಮಾರ್ನಿಂಗ್?" ಮುಂಜಾನಿಂದ ಕುಡದಿಲ್ಲೇನು ಅಂತ. ನಂಗ ಅಕ್ಷರಾ ಅಕ್ಷರಾ ತಿಳೀತು. ನಾ ಅದನ್ನ ಹೇಳಬೇಕಂತಿದ್ದೆ, ಅಕೀನ ಕೇಳಿದ್ಲು, ದೇವರು ದೊಡ್ಡಾಂವ. "ಯೆಸ್, ಯೆಸ್" ಅಂದೆ.

"ಓ, ಹೀ ಹ್ಯಾಸ್? ಗುಡ್! ಅಂಡ್ ನೋ ಫ್ಯೂವರ್ ವೆಟ್ ನ್ಯಾಪೀಸ್ ದ್ಯಾನ್ ಯೆಸ್ಟರ್ಡೇ?"

ಗುಡ್ ಯಾಕ ಅಂದ್ಲು ಅಂತ ವಿಚಾರ ಮಾಡೂದರಾಗ ಎರಡನೇ ಪ್ರಶ್ನಿ ಬಂದುಬಿಟ್ಟಿತ್ತು. ನೋ, ವೆಟ್ ನ್ಯಾಪಿ, ನಿನ್ನೆ. ನಿನ್ನೆ ಐದು ಆಗಿದ್ವು, ಇವತ್ತ ಒಂದ. ನಿನ್ನಿಯಷ್ಟು ಆಗಿಲ್ಲಲ್ಲಾ ಅಂತ ಕೇಳಲಿಕತ್ತಾಳ ಅಂತ ತಿಳಕೊಂಡೆ. "ನೋ, ನೋ" ಅಂದೆ. ಆಗಿಲ್ಲವಾ, ಆಗಿಲ್ಲ ಅಂತ.

"ಲವ್ಲಿ. ನಥಿಂಗ್ ಟು ವರಿ ಅಬೌಟ್ ದೆನ್. ಸೀ ಯು ಟುಮಾರೋ!"

ಫೋನು ಇಟ್ಟೆ. ಒಂದು ಗಳಿಗಿ ಮನಸ್ಸು ಹಗರ ಆತು. ದೊಡ್ಡ ದವಾಖಾನಿ ಮಂದಿ, ಕಲತವರು, ಚಿಂತಿ ಮಾಡಬ್ಯಾಡ್ರಿ ಅಂದ್ರು. ಆದ್ರ ಆ "ಲವ್ಲಿ" ನನ್ನ ಗಂಟಲಾಗ ಮೀನಿನ ಮುಳ್ಳಿನಂಗ ಕೂತುಬಿಡ್ತು. ಮೀನು ತಿನ್ನೂ ಮಂದಿ ಅಲ್ಲ ನಾವು, ಆದ್ರೂ ಅದ ಹೋಲಿಕಿ ಬರತದ. ಮುಂಜಾನಿಂದ ಕೂಸು ಹಾಲು ಕುಡದಿಲ್ಲ ಅಂದ್ರ ಯಾವ ದೇಶದಾಗ ಲವ್ಲಿ ಅಂತಾರ? ಹಂಗ ಹಿಂಗ ಒಂದು ತಾಸು ಹೋತು. ಕಡೀಕೆ ತಡೀಲಾರದ ಮಗಳನ್ನ ಎಬ್ಬಿಸಿದೆ.

"ಮಿಡ್‌ವೈಫ್ ಫೋನು ಬಂದಿತ್ತವಾ. ಮುಂಜಾನಿಂದ ಕೂಸು ಕುಡದಿಲ್ಲ ಅಂದೆ. ಲವ್ಲಿ ಅಂದ್ಲು."

ಮಗಳು ಹಾಸಿಗ್ಯಾಗ ಎದ್ದು ಕೂತ್ಲು. "ಅಕಿ ಏನಂದ್ಲು, ನೀ ಏನಂದಿ, ಶಬ್ದ ಶಬ್ದ ಹೇಳವ್ವಾ."

ಹೇಳಿದೆ. ಯೆಸ್ ಅಂದದ್ದು ಹೇಳಿದೆ, ನೋ ಅಂದದ್ದು ಹೇಳಿದೆ. ಅಕಿ ಬಣ್ಣ ಹಾರಿ ಹೋತು. ಒಂದು ಮಾತೂ ಆಡಲಿಲ್ಲ, ಫೋನು ತಗೊಂಡು ನಂಬರು ಒತ್ತಿದ್ಲು. ಇನ್ನೊಂದು ತಾಸಿನ್ಯಾಗ ನಾವೆಲ್ಲಾ ದವಾಖಾನ್ಯಾಗಿದ್ವಿ.

ಏನಾಗಿತ್ತು ನೋಡ್ರಿ. "ಊಟಾ ಆಗಿಲ್ಲೇನು?" ಅಂತ ನಮ್ಮನ್ನ ಯಾರರೆ ಕೇಳಿದ್ರ, ಆಗಿರಲಿಲ್ಲ ಅಂದ್ರ ನಾವು "ಹೂಂ, ಆಗಿಲ್ಲ" ಅಂತೇವಿ. ಕೆಲವರು "ಇಲ್ರೀ ಇನ್ನೂ" ಅಂತನೂ ಅಂತಾರ, ಹೆಂಗ ಅಂದ್ರೂ ನಮ್ಮ ಮಂದಿಗೆ ತಿಳೀತದ. ಆ ಹೂಂ ಕೇಳಿದವರ ಮಾತಿಗೆ. ನೀವು ಅಂದದ್ದು ಖರೇ ಅದ ಅಂತ. ಇಂಗ್ಲೀಷಿನಾಗ ಯೆಸ್ ಕೇಳಿದವರ ಮಾತಿಗೆ ಅಲ್ಲ, ನಡದ ಸಂಗತಿಗೆ. ಊಟಾ ಆಗಿದ್ರ ಯೆಸ್, ಆಗಿರಲಿಕ್ಕಂದ್ರ ನೋ, ಅವರು ಹೆಂಗರೆ ಕೇಳಲಿ. ಹ್ಯಾಸಂಟ್ ಅಂತ ಕೇಳಿದ್ರೂ ಅಷ್ಟ, ಹ್ಯಾಸ್ ಅಂತ ಕೇಳಿದ್ರೂ ಅಷ್ಟ. ಹಿಂಗಾಗಿ ನಾ ಯೆಸ್ ಅಂದದ್ದು ಅಕಿಗೆ "ಕುಡದದ" ಅಂತ ಮುಟ್ಟಿತು. ಜಪಾನಿ ಮಂದಿನೂ ನಮ್ಮಂಗ ಹೂಂ ಅಂತಾರಂತ, ಮಗಳ ಆಫೀಸಿನ್ಯಾಗ ಒಬ್ಬಾಕಿಗೆ ಇದ ತ್ರಾಸು. ಕೇಳಿ ಒಂದೀಟು ಸಮಾಧಾನ ಆತು.

ಎರಡನೇದು ಇನ್ನೂ ಬಿರಿ. ನೋ ಫ್ಯೂವರ್ ಅಂದ್ರ "ಕಡಿಮಿ ಇಲ್ಲ". ನಿನ್ನಿಗಿಂತ ಕಡಿಮಿ ಆಗಿಲ್ಲಲ್ಲಾ ಅಂತ ಅಕಿ ಕೇಳಿದ್ದು. ನಾ ಆ ಫ್ಯೂವರ್ ಅನ್ನೂದನ್ನ ನುಂಗಿಬಿಟ್ಟಿದ್ದೆ, ನೋ ಒಂದ ಕಿವ್ಯಾಗ ಉಳೀತು. ನೋ ಅಂದೆ. ಅಕಿಗೆ "ಕಡಿಮಿ ಆಗಿಲ್ಲ, ಬರೋಬ್ಬರಿ ಅದ" ಅಂತ ಮುಟ್ಟಿತು. ಎರಡೂ ಉತ್ರ ತಪ್ಪು, ಎರಡೂ ಧೈರ್ಯದಲೆ ಕೊಟ್ಟದ್ದು. ತಡವರಿಸಿದ್ರ ಅಕಿ ಇನ್ನೊಮ್ಮೆ ಕೇಳತಿದ್ಲು. ಆ ಹುಡುಗೀದು ಏನೂ ತಪ್ಪಿಲ್ಲ.

ದವಾಖಾನ್ಯಾಗ ರಕ್ತ ತಪಾಸ ಮಾಡಿ ಕಾಮಣಿ ಏರೇದ ಅಂದ್ರು. ಕೂಸಿನ ಅಂಗಿ ಬಿಚ್ಚಿ, ಒಂದು ನ್ಯಾಪಿ ಅಷ್ಟ ಇಟ್ಟು, ಕಣ್ಣಿಗೆ ಸಣ್ಣ ಪಟ್ಟಿ ಕಟ್ಟಿ ನೀಲಿ ಬೆಳಕಿನ ಕೆಳಗ ಮಲಗಿಸಿದ್ರು. ಹಾಲು ಕುಡಸಲಿಕ್ಕೆ ಅಷ್ಟ ಹೊರಗ ತಗಿಯೂದು. ಎರಡು ರಾತ್ರಿ. ಅಷ್ಟು ಸಣ್ಣ ಜೀವಾ, ಮೀಸಲು ಹೂವಿನಂಥಾದ್ದು, ಕಣ್ಣಿಗೆ ಪಟ್ಟಿ ಕಟಗೊಂಡು ಆ ನೀಲಿ ಡಬ್ಬ್ಯಾಗ ಮಲಗಿದ್ದನ್ನ ನೋಡಿದಾಗ ನನ್ನ ಕಾಲಾಗಿನ ಶಕ್ತಿನ ಹೋತು.

ಅಲ್ಲೆ ನಿಂತಾಗ ಒಂದರ ಮ್ಯಾಲೊಂದು ಇಂಥಾವ ಮಾತು ಕೇಳಿದ್ವು. ಡಾಕ್ಟರ್ ಬಂದು ಮಗಳಿಗೆ "ಯು ಕೇಮ್ ಇನ್ ನಾಟ್ ಎ ಮೊಮೆಂಟ್ ಟೂ ಸೂನ್" ಅಂದ. ಟೂ ಸೂನ್ ಅಂದ್ರ ಭಾಳ ಲಗೂ. ಸುಮ್ಮನ ಗಾಬರಿಯಾಗಿ ಲಗೂ ಬಂದೀರಿ ಅಂತ ಬೈಲಿಕತ್ತಾನ ಅಂತ ತಿಳಕೊಂಡು ನಂಗ ಒಂದು ಗಳಿಗಿ ಜೀವಾ ಬಂತು. ಅಂದ್ರ ಕೂಸಿಗೆ ಅಂಥಾದ್ದೇನೂ ಆಗಿಲ್ಲ! ಮಗಳ ಮಾರಿ ನೋಡಿದೆ, ಅಲ್ಲೆ ಜೀವಾ ಇದ್ದಿಲ್ಲ. ಅದರ ಅರ್ಥ, ನೀವು ಬಂದದ್ದು ಒಂದು ಗಳಿಗಿನೂ ಲಗೂ ಅಲ್ಲ, ಇನ್ನ ತಡಾ ಮಾಡಿದ್ರ ಕಠಿಣ ಇತ್ತು ಅಂತ. ಆಮ್ಯಾಲೆ ನರ್ಸು ನನ್ನ ಭುಜದ ಮ್ಯಾಲೆ ಕೈ ಇಟ್ಟು "ಯು ಕಾಂಟ್ ಬಿ ಟೂ ಕೇರ್‌ಫುಲ್ ವಿತ್ ದೀಸ್ ಲಿಟಲ್ ಒನ್ಸ್" ಅಂದ್ಲು. ನೀ ಹೆಚ್ಚು ಹುಷಾರಿ ತೋರಸಬಾರದು ಅಂತ ಕೇಳಿಸ್ತು ನಂಗ. ನನ್ನ ಹುಷಾರಿ ಹಣೇಬರಹ ಇಕಿಗೂ ಗೊತ್ತಾತೇನು ಅಂತ ನೆಲಾ ನೋಡಿದೆ. ಮತ್ತೊಬ್ಬಾಕಿ "ಹೀ ಕುಡಂಟ್ ಬಿ ಇನ್ ಬೆಟರ್ ಹ್ಯಾಂಡ್ಸ್" ಅಂದ್ಲು. ಕುಡಂಟ್, ಬೆಟರ್, ಕೈ. ಕೈ ಚೊಲೋ ಇಲ್ಲ ಅಂತ. ಯಾರ ಕೈ? ನನ್ನ ಕೈ ಅಲ್ಲದ ಇನ್ಯಾರದು?

ತಪ್ಪು ಮಾಡಿದವರ ಕಿವಿ ಹಂಗ ಇರತದ ನೋಡ್ರಿ. ಎಲ್ಲಾ ಮಾತೂ ತನ್ನ ಮ್ಯಾಲೇ ಬಂದಂಗ ಕೇಳತದ.

ಮಗಳು ನನ್ನ ಒಂದು ಮಾತೂ ಅಂದಿದ್ದಿಲ್ಲ. ಅಂದಿದ್ರ ಚೊಲೋ ಇತ್ತು. ಮೂರನೇ ದಿನ ಕಾಮಣಿ ಇಳದು ಕೂಸು ಮನಿಗೆ ಬಂತು, ಗಟ ಗಟ ಹಾಲು ಕುಡೀಲಿಕ್ಕೂ ಹತ್ತಿತು. ಅವತ್ತ ರಾತ್ರಿ ನಾ ಅಡಗಿ ಮನ್ಯಾಗ ಭಾಂಡೆ ಒರಸಲಿಕತ್ತಿದ್ದೆ. ಅಳಿಯಂದ್ರು ಹಾಲ್‌ನ್ಯಾಗ ತಮ್ಮ ಸಾಹೇಬನ ಜೋಡಿ ಫೋನಿನ್ಯಾಗ ಇದ್ರು. "ಹರ್ ಮದರ್ ಈಸ್ ಹಿಯರ್" ಅಂದದ್ದು ಕೇಳಿ ಕೈ ನಿಂತ್ವು. "ವಿ ಕುಡಂಟ್ ಹ್ಯಾವ್ ಆಸ್ಕ್ಡ್ ಫಾರ್ ಬೆಟರ್ ಹೆಲ್ಪ್" ಅಂದ್ರು.

ಮದರ್. ಕುಡಂಟ್. ಬೆಟರ್. ಹೆಲ್ಪ್. ನಾಕು ಶಬ್ದ ಜೋಡಿಸಿದೆ: ಅಕಿ ತಾಯಿ ಬಂದಾಳ, ಹೆಲ್ಪ್ ಏನೂ ಬೆಟರ್ ಇಲ್ಲ. ಇನ್ನೊಂದು ಕಡೆಯಿಂದ ಜೋಡಿಸಿದೆ: ಇದಕ್ಕಿಂತ ಚೊಲೋ ಹೆಲ್ಪ್ ಕೇಳಲಿಕ್ಕೆ ಆಗಲಿಲ್ಲ, ಸಿಕ್ಕದ್ದರಾಗ ನಡಸಲಿಕತ್ತೇವಿ. ಹೆಂಗ ಜೋಡಿಸಿದ್ರೂ ನಂಗ ಚುಚ್ಚಿತು. ಸಾವಿರಾರು ಮೈಲು ದಾಟಿ ಬಂದು, ಆ ಥಂಡ್ಯಾಗ ಮುಂಜಾನೆ ಐದಕ್ಕ ಎದ್ದು ನೀರು ಕಾಸಿ, ಕಡೀಕೆ ಈ ಮಾತು. ಬೀಗರ ಮುಂದಲ್ಲ, ಸಾಹೇಬನ ಮುಂದ! ಮತ್ತ ಅವರು ಅಂದದ್ದು ಸುಳ್ಳೂ ಅಲ್ಲಲ್ಲಾ ಅನ್ನೂದು ಇನ್ನೂ ಚುಚ್ಚತಿತ್ತು.

ಎರಡು ದಿನಾ ಮಾತು ಕಡಿಮಿ ಮಾಡಿದೆ. ಮಾಡೂ ಕೆಲಸಾ ಮಾಡೂದು, ಕೂಸಿನ ನೀರು ಹಾಕೂದು, ರೂಮಿಗೆ ಹೋಗಿ ಕೂಡೂದು. ಅಳಿಯಂದ್ರು "ಊಟಾ ಮಾಡ್ರಿ" ಅಂದ್ರ "ಹಸಿವಿಲ್ಲ" ಅನ್ನೂದು. ಮೂರನೇ ದಿನ ಮಗಳಿಗೆ, "ನನ್ನ ಟಿಕೀಟು ಒಂದು ಹದಿನೈದು ದಿನಾ ಮೊದಲ ಮಾಡಲಿಕ್ಕೆ ಬರತದೇನು ನೋಡವಾ" ಅಂದೆ.

"ಯಾಕ? ಊರಾಗ ಏನಾತು?"

"ಊರಾಗ ಏನಾಗತದ. ಇಲ್ಲೆ ನನ್ನಿಂದ ಏನೂ ಉಪಯೋಗಿಲ್ಲ ಅಂದ ಮ್ಯಾಲೆ ಯಾಕ ಇರಬೇಕು."

ಅಕಿ ಕೂಸಿನ ಹೆಗಲ ಮ್ಯಾಲೆ ಹಾಕ್ಕೊಂಡು ಬಂದು ಮುಂದ ಕೂತ್ಲು, ಬಿಡಲಿಲ್ಲ. ಕಡೀಕೆ ಹೇಳಿದೆ, ಅಳಿಯಂದ್ರ ಮಾತು ಹಂಗ ಹಂಗ ಒಪ್ಪಿಸಿದೆ. ಅಕಿ ಮೊದಲ ನಕ್ಳು. ನನ್ನ ಮಾರಿ ನೋಡಿ ನಗೂದು ನಿಲ್ಲಿಸಿದ್ಲು. ಆಮ್ಯಾಲೆ ಅಕಿ ಕಣ್ಣಾಗ ನೀರು ಬಂತು.

"ಅವ್ವಾ, ಇದಕ್ಕಿಂತ ಚೊಲೋ ಆಸರಾ ಬೇಡಿಕೊಂಡಿದ್ರೂ ನಮಗ ಸಿಗತಿದ್ದಿಲ್ಲ ಅಂತ ಅಂದಾರ."

ಬೇಡಿಕೊಂಡಿದ್ರೂ ಸಿಗತಿದ್ದಿಲ್ಲ. ದೇವರ ಮುಂದ ಸೆರಗೊಡ್ಡಿ ಬೇಡಿದ್ರೂ ಇಂಥಾ ಸೊಸಿ ಸಿಗತಿದ್ದಿಲ್ಲ ಅಂತ ನಮ್ಮತ್ತಿ ನನ್ನ ಬಗ್ಗೆ ಒಮ್ಮೆ ಅಂದಿದ್ರು, ಅವರು ಹಂಗ ಸುಲಭಕ್ಕ ಹೊಗಳೂ ಪೈಕಿ ಅಲ್ಲ. ಆ ಮಾತು ಇಂಗ್ಲೀಷಿನ ಅಂಗಿ ಹಾಕ್ಕೊಂಡು ಬಂದ್ರ ನಂಗ ಗುರ್ತು ಸಿಗಲಿಲ್ಲ.

"ಹಂಗಾರ ಆ ಫೋನಿಂದು?" ಅಂದೆ.

"ಅದು ತಪ್ಪಾತು. ತಪ್ಪಾಗಿಲ್ಲ ಅಂತ ನಾ ಅನ್ನೂದಿಲ್ಲ. ಆದ್ರ ಲವ್ಲಿ ಅಂದಮ್ಯಾಲೂ ಅನುಮಾನ ಬಂದು ನನ್ನ ಎಬ್ಬಿಸಿದಾಕಿನೂ ನೀನ" ಅಂದ್ಲು. ಅಷ್ಟ ಅಂದು ಕೂಸಿನ ನನ್ನ ಕೈಯಾಗ ಕೊಟ್ಟು ಸ್ನಾನಕ್ಕ ಹೋದ್ಲು.

ಆಮ್ಯಾಲೆ ಉಳಿದ ದಿನಾ ಇದ ನಮ್ಮ ಆಟ ಆತು. ಅಕಿ ಒಂದು ಇಂಗ್ಲೀಷ್ ಮಾತು ಹೇಳೂದು, ನಾ ಅದರ ಕನ್ನಡ ಹುಡಕೂದು. ಯು ಕಾಂಟ್ ಬಿ ಟೂ ಕೇರ್‌ಫುಲ್ ಅಂದ್ರ "ಎಷ್ಟು ಹುಷಾರಿದ್ರೂ ಕಡಿಮೀನ". ನರ್ಸು ನನ್ನ ಬೈದಿದ್ದಿಲ್ಲ, ಸಮಾಧಾನ ಮಾಡಿದ್ಲು. ಕುಡಂಟ್ ಬಿ ಇನ್ ಬೆಟರ್ ಹ್ಯಾಂಡ್ಸ್ ಅಂದ್ರ "ಇದಕ್ಕಿಂತ ಚೊಲೋ ಕೈಯಾಗ ಇರಲಿಕ್ಕೆ ಸಾಧ್ಯಿಲ್ಲ", ಅದು ದವಾಖಾನಿಯವರ ಕೈ. ಐ ಕುಡಂಟ್ ಅಗ್ರೀ ಮೋರ್ ಅಂದ್ರ ಒಪ್ಪೂದಿಲ್ಲ ಅಂತ ಅಲ್ಲ, ಇದಕ್ಕಿಂತ ಹೆಚ್ಚು ಒಪ್ಪಲಿಕ್ಕೆ ಜಾಗಾನ ಇಲ್ಲ, ಅಷ್ಟು ಒಪ್ಪೇನಿ ಅಂತ. ಸೆಕೆಂಡ್ ಟು ನನ್ ಅಂದ್ರ ಎರಡನೇ ನಂಬರ ಅಲ್ಲ, ಒಂದನೇ ನಂಬರ. ಎನಿಥಿಂಗ್ ಬಟ್ ಈಜಿ ಅಂದ್ರ ಏನರೆ ಅನ್ರಿ, ಸರಳ ಮಾತ್ರ ಅನಬ್ಯಾಡ್ರಿ ಅಂತ. ನಥಿಂಗ್ ಬಟ್ ಹಾಲು ಅಂದ್ರ ಬರೇ ಹಾಲು, ಬ್ಯಾರೆ ಏನೂ ಇಲ್ಲ. ಇವೆರಡು ನಂಗ ಇವತ್ತಿಗೂ ಅದಲು ಬದಲು ಆಗತಾವ. ಕುಡಂಟ್ ಕೇರ್ ಲೆಸ್ ಅಂದ್ರ ನಂಗೇನೂ ಫರಕಿಲ್ಲ ಅಂತ, ಅದನ್ನ ಅಮೇರಿಕಾದ ಮಂದಿ ಎಷ್ಟೋ ಸಲ ಕುಡ್ ಕೇರ್ ಲೆಸ್ ಅಂತ ನಾಟ್ ಬಿಟ್ಟು ಅಂದ್ರೂ ಅರ್ಥ ಮಾತ್ರ ಅದ ಅಂತ. ಇದನ್ನ ಕೇಳಿ ನಾ ಪುಸ್ತಕಾ ಮುಚ್ಚಿದೆ. ಇಲ್ಲ ಅಂದ್ರೂ ಅದ, ಹೂಂ ಅಂದ್ರೂ ಅದ ಅಂದ್ರ ಕಲಿಯೂದು ಏನು?

ಔಷಧದ ಡಬ್ಬಿ ಮ್ಯಾಲಿನ ಮಾತು ಮಾತ್ರ ಕಲತೇನಿ. ಮಗಳಿಗೆ ನೋವಿಗೆ ಪ್ಯಾರಾಸಿಟಮಾಲ್ ಕೊಟ್ಟಿದ್ರು, 500 ಮಿಲಿಗ್ರಾಂದು. 24 ತಾಸಿನ್ಯಾಗ ನೋ ಮೋರ್ ದ್ಯಾನ್ 8. ಎಂಟಕ್ಕಿಂತ ಹೆಚ್ಚು ಕೂಡದು, ಅಷ್ಟ. ಎಂಟು ತಗೊಳ್ಳಲೇಬೇಕು ಅಂತಲ್ಲ. ನೋ ಲೆಸ್ ದ್ಯಾನ್ ಅಂತ ಇದ್ರ ಅದಕ್ಕಿಂತ ಕಡಿಮಿ ಆಗಬಾರದು. ಮೋರ್, ಲೆಸ್ ಎರಡರ ಮ್ಯಾಲೆ ಬಟ್ಟು ಇಟ್ಟು ಓದ್ರಿ ವೈನಿ, ನೋ ನೋಡಿ ಮುಂದ ಜಿಗೀಬ್ಯಾಡ್ರಿ.

ನಗೂ ಸಂಗತಿ ಅಂದ್ರ ನಾವೂ ಹಿಂಗ ಮಾತಾಡತೇವಿ, ನಮಗ ಕೇಳಸೂದಿಲ್ಲ. "ಅಕಿ ಏನ ಕಮ್ಮಿ ಇಲ್ಲ ಬಿಡ್ರಿ" ಅಂದ್ರ ಹೊಗಳಿಕಿನೂ ಹೌದು, ಬೈಗಳನೂ ಹೌದು, ಯಾರ ಬಗ್ಗೆ ಯಾರು ಅಂದ್ರು ನೋಡಿ ತಿಳಕೋಬೇಕು. "ಹೋಳಿಗಿ ರುಚಿ ಕೇಳಬ್ಯಾಡ್ರಿ" ಅಂದ್ರ ಕೇಳಬೇಕು ಅಂತ. "ಸಾಮಾನ್ಯದಾಕಿ ಅಲ್ಲ" ಅಂತ ನಮ್ಮ ಓಣ್ಯಾಗ ಎಷ್ಟು ಮಂದಿಗೆ ಅಂದೇವಿ? ಇನ್ನ ಊಟದ ಎಲಿ ಮುಂದ ಬೀಗರು ಬ್ಯಾಡ ಬ್ಯಾಡ ಅಂತ ಎರಡೂ ಕೈ ಅಡ್ಡ ಹಿಡದ್ರ ಬಡಸೂದು ನಿಲ್ಲಸತೇವೇನು? ಆ ಬಾಜೂ ಮನಿ ಅಜ್ಜಿ ನಮ್ಮೂರ ಮದವ್ಯಾಗ ಬಂದು ಕೂತ್ರ ಅಕಿ ಅವಸ್ಥಿ ಏನಾಗಬೇಕು ವಿಚಾರ ಮಾಡ್ರಿ. ನೋ ನೋ ಅಂದಷ್ಟೂ ಅಕಿ ಎಲಿ ಮ್ಯಾಲೆ ಹೋಳಿಗಿ ಬೀಳತಾವ.

ವೈನಿ, ನೀವು ಇದನ್ನೆಲ್ಲಾ ಬಾಯಿಪಾಠ ಮಾಡಕೋತ ಕೂಡಬ್ಯಾಡ್ರಿ. ಕೂಸಿನ ವಿಷಯಕ್ಕ ಮಾತ್ರ ಯೆಸ್ ಇಲ್ಲಾ ನೋ ಒಂದ ಅಂದು ಬಿಡಬ್ಯಾಡ್ರಿ. ಮುಂದ ಪೂರ್ತಿ ಹೇಳ್ರಿ. ವ್ಯಾಕರಣ ಹಾಳಾಗಿ ಹೋಗಲಿ, "ಬೇಬಿ ನಾಟ್ ಡ್ರಿಂಕಿಂಗ್. ಲಾಸ್ಟ್ ಮಿಲ್ಕ್ ಸಿಕ್ಸ್ ಓ ಕ್ಲಾಕ್. ಒನ್ ವೆಟ್ ನ್ಯಾಪಿ" ಅಂದ್ರ ಅದಕ್ಕ ಎರಡನೇ ಅರ್ಥ ಹುಟ್ಟೂದಿಲ್ಲ. ಅವರ ಮಾತಿನ್ಯಾಗ ನಾಟ್, ನೋ, ಕುಡಂಟ್ ಅನ್ನೂದರ ಬೆನ್ನಿಗೇ ಮೋರ್, ಬೆಟರ್, ಟೂ ಅಂತ ಬಂತಂದ್ರ ಅಲ್ಲೇ ನಿಂದ್ರಸ್ರಿ. "ಗುಡ್ ಆರ್ ಬ್ಯಾಡ್?" ಅಂತ ಕೇಳ್ರಿ. ನಾ ಆಮ್ಯಾಲೆ ಹಂಗ ಮಾಡಿದೆ. ಒಬ್ಬರೂ ನಗಲಿಲ್ಲ, ನಿಂತು ಬಿಡಿಸಿ ಹೇಳಿದ್ರು. ಐದನೇ ದಿನದ ತೂಕಾ ದವಾಖಾನ್ಯಾಗ ಆಗಿತ್ತು, ಹುಟ್ಟಿದಾಗಿಂದಕ್ಕಿಂತ ಇಳದಿತ್ತು. ಹತ್ತನೇ ದಿನಕ್ಕ ಅದ ಮಿಡ್‌ವೈಫ್ ಮನಿಗೆ ಬಂದು ತಕ್ಕಡ್ಯಾಗ ಇಟ್ಟು, ಕೆಂಪು ಪುಸ್ತಕದಾಗ ಬರದು, ನನ್ನ ಕಡೆ ತಿರುಗಿ "ಕುಡಂಟ್ ಬಿ ಬೆಟರ್" ಅಂದ್ಲು. ನಾ ಬೆರಳು ಎತ್ತಿ "ಗುಡ್ ಆರ್ ಬ್ಯಾಡ್?" ಅಂದೆ. ಅಕಿ ನಕ್ಕು, "ಗುಡ್, ಗ್ರ್ಯಾನಿ, ವೆರಿ ಗುಡ್" ಅಂದ್ಲು.

ಇದನ್ನ ಬರೀಲಿಕತ್ತಾಗನ ವೈನಿ ಗೇಟಿನಿಂದ ಒದರಿದ್ರು, ಅಂಟಿನ ಡಬ್ಬಿ ಕೈಯಾಗ ಹಿಡಕೊಂಡು.

"ಇದನ್ನ ಇಲ್ಲೆ ಕರೀಬಾರದಲ್ಲಾ?"

"ಹೂಂ" ಅಂದೆ.

"ಹೂಂ ಅಂದ್ರ ಕರೀಲ್ಯೋ, ಬ್ಯಾಡೋ?"

ಎದ್ದು ಹೋಗಿ ಪೂರ್ತಿ ಹೇಳಿ ಬಂದೆ.